ಇಳಕಲ್ ದಾರಿಯಲ್ಲಿ ಒಂದು ಬ್ಯಾಟರಿ, ಒಂದು ಕುಡಿಕೆ

ಮಾರ್ಚ್ ತಿಂಗಳ ಕೊನೆಯ ವಾರ, ಬೆಳಗಿನ ಐದೂವರೆಗೆ ನಾವಿಬ್ಬರು ಧಾರವಾಡ ಬಿಟ್ಟೆವು. ಒಬ್ಬ ನಾನು, ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇನ್ನೊಬ್ಬಳು ನನ್ನ ಹೆಂಡತಿ ನೀಲಾ. ನಮ್ಮನ್ನು ಹೊತ್ತದ್ದು ಒಂದು ಕಾಲದಲ್ಲಿ ಶಾಲೆಯ ಮಕ್ಕಳನ್ನು ಹೊರುತ್ತಿದ್ದ ವ್ಯಾನು. ಬಿಳಿ ಬಣ್ಣ ಬಳಿಸಿದ್ದೆನಾದರೂ ಬಾಗಿಲ ಸಂದಿಯಲ್ಲಿ ಹಳದಿ ಇನ್ನೂ ಇಣುಕುತ್ತಿತ್ತು, ಹಾಗಾಗಿ ನೀಲಾ ಅದನ್ನು ಸಾಲಿಗಾಡಿ ಎಂದೇ ಕರೆಯುತ್ತಿದ್ದಳು. ಒಳಗೆ ಎರಡು ಹಾಸಿಗೆ, ಒಂದು ಒಲೆ, ಒಂದು ಪುಟ್ಟ ಫ್ರಿಜ್ಜು. ನೆತ್ತಿಯ ಮೇಲೆ ಒಂದು ಸೋಲಾರ್ ಹಲಗೆ, ಸೀಟಿನ ಕೆಳಗೆ ಒಂದು ಬ್ಯಾಟರಿ. ಇವೆರಡರ ನಡುವೆ ಬಿಸಿಲನ್ನು ಅಳೆದು ಬ್ಯಾಟರಿಗೆ ತುಂಬುವ ಚಾರ್ಜ್ ಕಂಟ್ರೋಲರ್ ಎಂಬ ಅಂಗೈಯಗಲದ ಪೆಟ್ಟಿಗೆ.

ಇಷ್ಟೆಲ್ಲ ಸಂಭ್ರಮ ಆ ಫ್ರಿಜ್ಜಿನ ಸಲುವಾಗಿ. ನೀಲಾ ದಿನಕ್ಕೆರಡು ಬಾರಿ ಇನ್ಸುಲಿನ್ ತೆಗೆದುಕೊಳ್ಳುತ್ತಾಳೆ. ಆರು ವರ್ಷದ ಹಿಂದೆ, ಇಂಥದೇ ಬಿಸಿಲಿನಲ್ಲಿ, ತವರೂರು ಇಳಕಲ್ಲಿಗೆ ಬಸ್ಸಿನಲ್ಲಿ ಮದುವೆಗೆ ಹೋದಾಗ ಚೀಲದಲ್ಲಿದ್ದ ಔಷಧ ಕಾದು ಕೆಟ್ಟಿತ್ತು. ಅದು ಗೊತ್ತಾಗದೆ ಅದನ್ನೇ ಚುಚ್ಚಿಕೊಂಡು, ಸಕ್ಕರೆ ಏರಿ, ಅಕ್ಷತೆ ಹಾಕಬೇಕಾದವಳು ದವಾಖಾನೆಯಲ್ಲಿ ಮಲಗಿದಳು. ಅಂದಿನಿಂದ ಅವಳು ಮನೆಯ ಫ್ರಿಜ್ಜು ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿದಿರಲಿಲ್ಲ. ಮಂದಿಯ ಮನೆಯ ಮದುವೆಗೆ ತಾನು ಭಾರವಾದೆನೆಂಬ ನಾಚಿಕೆ ಅವಳಿಗೆ ಕಾಯಿಲೆಗಿಂತ ಹೆಚ್ಚು ಚುಚ್ಚಿತ್ತು.

ಈಗ ಅವಳ ಅಕ್ಕ ಶಾಂತಕ್ಕನಿಂದ ಫೋನು ಬಂದಿತ್ತು. ಐವತ್ತು ವರ್ಷದಿಂದ ಮಗ್ಗದಲ್ಲಿ ಕೂತವರು, ಕಣ್ಣು ಮಂಜಾಗಿದೆ, ಇದೊಂದು ಸೀರೆ ನೇಯ್ದು ಮಗ್ಗ ಬಿಡುತ್ತೇನೆ ಎಂದಿದ್ದರು. ಇಳಕಲ್ ಸೀರೆಯ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ಚಿಕ್ಕಂದಿನಲ್ಲಿ ಅಕ್ಕ ಕೊಂಡಿ ಹಾಕುತ್ತಿದ್ದರೆ ಪಕ್ಕದಲ್ಲಿ ಕೂತು ಎಳೆ ಎತ್ತಿಕೊಡುವ ಕೆಲಸ ನೀಲಾಳದು. ಕೊನೆಯ ಸೀರೆಗೂ ಅವಳೇ ಎತ್ತಿಕೊಡಬೇಕೆಂದು ಅಕ್ಕನ ಹಟ. ನೀಲಾ ಫೋನು ಇಟ್ಟು, ಔಷಧ ಕೆಡುವುದಿಲ್ಲ ಎಂದು ನೀವು ಹೇಳುವುದಾದರೆ ಬರುತ್ತೇನೆ ಎಂದಳು. ನಾನು ಮೀಸೆ ಮೇಲೆ ಕೈಯಿಟ್ಟು ಹೇಳಿದೆ.

ಹೊರಡುವಾಗಲೇ ನನಗೆ ಸಣ್ಣ ಮುನಿಸು. ಎರಡು ಇನ್ಸುಲಿನ್ ಬಾಟಲಿಗಳಲ್ಲಿ ಒಂದನ್ನು ಮಾತ್ರ ಅವಳು ಫ್ರಿಜ್ಜಿನಲ್ಲಿಟ್ಟಳು. ಇನ್ನೊಂದು ಮಣ್ಣಿನ ಕುಡಿಕೆಯೊಳಗೆ ಹೋಯಿತು. ಆ ಕುಡಿಕೆ ಒಂದು ಗಡಿಗೆಯೊಳಗೆ, ನಡುವೆ ಒದ್ದೆ ಉಸುಕು, ಬಾಯಿಗೆ ಒದ್ದೆ ಬಟ್ಟೆ. ಫ್ರಿಜ್ಜು ಇಲ್ಲದ ಕಾಲದಲ್ಲಿ ಅವರ ಓಣಿಯ ಒಬ್ಬ ಅಜ್ಜಿ ಹೀಗೆಯೇ ಔಷಧ ಇಡುತ್ತಿದ್ದಳಂತೆ. ಇಷ್ಟು ದುಡ್ಡು ಸುರಿದು ಗಾಡಿ ಕಟ್ಟಿಸಿದ ಮೇಲೆ ಈ ಗಡಿಗೆ ಯಾಕೆಂದು ಕೇಳಿದೆ. ಅದರ ಪಾಡಿಗೆ ಅದು ಮೂಲೆಯಲ್ಲಿ ಇರುತ್ತದೆ ಬಿಡಿ ಎಂದಳು.

ನವಲಗುಂದ, ನರಗುಂದ ದಾಟಿ ಕುಳಗೇರಿ ಕ್ರಾಸಿನಲ್ಲಿ ಬಲಕ್ಕೆ ಹೊರಳಿದೆವು. ಧಾರವಾಡದಿಂದ ಬಾದಾಮಿಗೆ ಸುಮಾರು ನೂರ ಇಪ್ಪತ್ತೈದು ಕಿಲೋಮೀಟರು. ಕಡಲೆ ಕಿತ್ತ ಹೊಲಗಳು ಎರಡೂ ಕಡೆ ಕರ್ರಗೆ ಬಿದ್ದಿದ್ದವು. ಒಂಬತ್ತಕ್ಕೆ ಕೆಂಪು ಗುಡ್ಡ ಕಾಣಿಸಿತು, ಒಂಬತ್ತೂವರೆಗೇ ಬಿಸಿಲು ಕಾದಿತ್ತು. ಕಂಟ್ರೋಲರಿನ ಪರದೆ ನೋಡಿದೆ. ಹನ್ನೆರಡು ಪಾಯಿಂಟ್ ಎಂಟು ವೋಲ್ಟು, ಬ್ಯಾಟರಿಯ ಚಿತ್ರದಲ್ಲಿ ನಾಲ್ಕೂ ಗೆರೆ. ನನ್ನ ಮೂವತ್ತನಾಲ್ಕು ವರ್ಷದ ಕಣ್ಣಿಗೆ ಅದು ತುಂಬಿದ ಬ್ಯಾಟರಿ. ಇನ್ನು ಬಿಸಿಲಿನ ಹಂಗೇಕೆ, ಫ್ರಿಜ್ಜು ತಂಪಾಗಿರಲಿ ಎಂದು ದೊಡ್ಡ ಹುಣಸೆಮರದ ನೆರಳು ಹುಡುಕಿ ಗಾಡಿ ನಿಲ್ಲಿಸಿದೆ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಗುಹೆಗಳ ಮೆಟ್ಟಿಲನ್ನು ನೀಲಾ ನಿಂತು ನಿಂತು ಹತ್ತಿದಳು. ಮೇಲಿನಿಂದ ಅಗಸ್ತ್ಯತೀರ್ಥದ ಹಸಿರು ನೀರು ನೋಡುತ್ತಾ, ಶಾಲೆಯ ಪ್ರವಾಸದಲ್ಲಿ ಬಂದಾಗ ಮಂಗ ತನ್ನ ರೊಟ್ಟಿ ಗಂಟು ಕಸಿದ ಕಥೆ ಹೇಳಿದಳು. ಮಧ್ಯಾಹ್ನ ಗಾಡಿ ಅಲ್ಲೇ ಬಿಟ್ಟು ಆಟೋದಲ್ಲಿ ಬನಶಂಕರಿಗೆ ಹೋಗಿ, ಬುಟ್ಟಿ ಹೊತ್ತು ಬರುವ ಹೆಂಗಸರಿಂದ ಜೋಳದ ರೊಟ್ಟಿ, ಕೆಂಪು ಚಟ್ನಿ, ಸಣ್ಣ ಗಡಿಗೆಯ ಮೊಸರು ಕೊಂಡು ಹೊಂಡದ ಕಲ್ಲುಕಟ್ಟೆಯ ಮೇಲೆ ಕೂತು ತಿಂದೆವು. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿ ವರ್ಷಗಳಾಗಿದ್ದವು. ಮರುದಿನ ಪಟ್ಟದಕಲ್ಲು ನೋಡಿ ಮುಂದೆ ಹೋಗೋಣ ಎಂದು ಅವಳೇ ಹೇಳಿ, ಸಂಜೆ ಅದೇ ಹುಣಸೆಮರದಡಿಗೆ ಮರಳಿದೆವು.

ಬೆಳಿಗ್ಗೆ ಚುಚ್ಚುಮದ್ದಿನ ಹೊತ್ತಿಗೆ ನೀಲಾ ಫ್ರಿಜ್ಜಿನ ಬಾಗಿಲು ತೆಗೆದಳು. ದೀಪ ಹತ್ತಲಿಲ್ಲ. ಕಂಟ್ರೋಲರಿನ ಪರದೆಯೂ ಕಪ್ಪು. ಗಾಡಿಯನ್ನು ಬಿಸಿಲಿಗೆ ತಂದು ನಿಲ್ಲಿಸಿ ಅರ್ಧ ಗಂಟೆ ಕಾದರೂ ಪರದೆ ಕಣ್ಣು ಬಿಡಲಿಲ್ಲ. ಮೀಟರು ಹಚ್ಚಿ ನೋಡಿದರೆ ಬ್ಯಾಟರಿಯಲ್ಲಿ ಸೊನ್ನೆ. ಹತ್ತು ದಿನದ ಹಿಂದೆಯಷ್ಟೇ ಹಳೆಯ ಆಸಿಡ್ ಬ್ಯಾಟರಿಯ ವಾಸನೆ ತಾಳದೆ ತೆಗೆದು ಈ ಹೊಸ ಲಿಥಿಯಂ ಬ್ಯಾಟರಿ ಹಾಕಿಸಿದ್ದೆ. ಅದು ಇಷ್ಟು ಬೇಗ ಸತ್ತಿತೆಂದುಕೊಂಡೆ. ನೀಲಾ ಕುಡಿಕೆಯ ಬಾಟಲಿ ತೆಗೆದು ಕೆನ್ನೆಗೆ ಒತ್ತಿಕೊಂಡು ನೋಡಿದಳು. ತಣ್ಣಗಿತ್ತು. ಅದನ್ನೇ ತೆಗೆದುಕೊಂಡು, ಫ್ರಿಜ್ಜಿನಲ್ಲಿದ್ದುದನ್ನೂ ಅದರ ಪಕ್ಕದಲ್ಲಿಟ್ಟಳು.

"ಇನ್ನ ಇಳಕಲ್ ಬ್ಯಾಡ್ರಿ. ಇಲ್ಲಿಂದನ ಹೊಳ್ಳಿ ಹೋಗೂಣು" ಎಂದಳು, ಸಿಟ್ಟಿಲ್ಲದ ದನಿಯಲ್ಲಿ. ಸಿಟ್ಟಿದ್ದಿದ್ದರೆ ನನಗೆ ಸುಲಭವಿತ್ತು. ಬಾಗಲಕೋಟೆಯಲ್ಲಿ ಒಮ್ಮೆ ತೋರಿಸಿ ನೋಡೋಣ, ಆಗದಿದ್ದರೆ ಮರಳೋಣ ಎಂದು ಅಂಗಲಾಚಿದೆ. ಪಟ್ಟದಕಲ್ಲಿನ ಮಾತು ಇಬ್ಬರೂ ಎತ್ತಲಿಲ್ಲ.

ಬಾಗಲಕೋಟೆಗೆ ನಲವತ್ತು ಕಿಲೋಮೀಟರಿನ ಆಸುಪಾಸು. ಹಿನ್ನೀರಿನಲ್ಲಿ ಮುಳುಗಿದ ಹಳೇ ಊರಿನ ಮಂದಿ ಎದ್ದು ಬಂದು ನೆಲೆಸಿದ ನವನಗರದಲ್ಲಿ ರಸ್ತೆಗಳು ಗೆರೆ ಎಳೆದಂತಿವೆ. ಆದರೂ ಸೆಕ್ಟರಿನ ಲೆಕ್ಕ ತಪ್ಪಿ ಎರಡು ಸುತ್ತು ಹೊಡೆದೆ. ಒಬ್ಬ ಆಟೋದವರು, ಬ್ಯಾಟರಿ ಆಟೋಗಳನ್ನು ರಿಪೇರಿ ಮಾಡುವ ಅಂಗಡಿಗೆ ದಾರಿ ತೋರಿಸಿದರು. ಅಂಗಡಿ ನಡೆಸುವವಳು ರಜಿಯಾ, ನಲವತ್ತರ ಹೆಣ್ಣುಮಗಳು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕೆಲಸಕ್ಕೆ ಕೂತಿದ್ದಳು. ನಾನು ನನ್ನ ಸೇವೆಯ ವರ್ಷಗಳಿಂದ ಶುರುಮಾಡಿ ಕಥೆ ಹೇಳಿದೆ. ಅವಳು ಕೈಕೆಲಸ ನಿಲ್ಲಿಸದೆ ಕೇಳಿ, ಎದ್ದು ಬಂದು ಸೀಟಿನ ಕೆಳಗೆ ಬಗ್ಗಿದಳು.

"ಕಾಕಾ, ಇದು ಸತ್ತಿಲ್ರಿ" ಎಂದಳು. "ಹೊಟ್ಟಿ ಖಾಲಿ ಆದ ಕೂಡ್ಲೆ ಒಳಗಿನ ಕಾವಲುಗಾರ ಬಾಗ್ಲಾ ಹಾಕ್ಕೊಂಡಾನ. ಯಾರರ ಹೊರಗಿಂದ ಬಡದ್ರ ತಗೀತಾನ."

ಬ್ಯಾಟರಿಯೊಳಗಿನ ರಕ್ಷಣೆಯ ಸರ್ಕ್ಯೂಟಿಗೆ ಅವಳು ಇಟ್ಟ ಹೆಸರು ಕಾವಲುಗಾರ. ಇನ್ನೊಂದು ಬ್ಯಾಟರಿಯಿಂದ ಎರಡು ದಪ್ಪ ತಂತಿ ತಂದು ಕೆಲವು ನಿಮಿಷ ಹಿಡಿದಳು. ಕಂಟ್ರೋಲರ್ ಕಣ್ಣು ಬಿಟ್ಟಿತು, ಫ್ರಿಜ್ಜು ಗುರ್ ಎಂದಿತು. ನೀಲಾ ನನ್ನ ತೋಳು ಹಿಡಿದುಕೊಂಡಳು. ಆಮೇಲೆ ರಜಿಯಾ ಪರದೆಯ ಗುಂಡಿ ಒತ್ತಿ ಒತ್ತಿ ನೋಡಿ ನಕ್ಕಳು. ಬ್ಯಾಟರಿ ಲಿಥಿಯಂ, ಆದರೆ ಕಂಟ್ರೋಲರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅದು ಇನ್ನೂ ಹಳೆಯ ಆಸಿಡ್ ಬ್ಯಾಟರಿಯ ಲೆಕ್ಕದಲ್ಲೇ ಇತ್ತು, ನನ್ನ ಹಾಗೆ. ಹನ್ನೆರಡು ಪಾಯಿಂಟ್ ಎಂಟು ಎಂದರೆ ಆಸಿಡ್ ಬ್ಯಾಟರಿಗೆ ತುಂಬಿದ ಹೊಟ್ಟೆ, ಲಿಥಿಯಂಗೆ ಹತ್ತರಲ್ಲಿ ಎರಡು ಪಾಲೂ ಉಳಿದಿರುವುದಿಲ್ಲವಂತೆ. ನಾನು ಹಸಿದ ಬ್ಯಾಟರಿಯನ್ನು ಹೊಟ್ಟೆ ತುಂಬಿದ್ದೆಂದು ತಿಳಿದು ನೆರಳಿನಲ್ಲಿ ಕಟ್ಟಿಹಾಕಿದ್ದೆ.

ಸಂಜೆಯವರೆಗೆ ಅಂಗಡಿಯ ಚಾರ್ಜರಿನಲ್ಲಿ ಬ್ಯಾಟರಿ ತುಂಬಿತು. ರಜಿಯಾ ರಸೀದಿಯ ಬೆನ್ನಿಗೆ ಐದು ಸಾಲು ಬರೆದುಕೊಟ್ಟಳು. ತುಂಬಿಸುವುದು ಹದಿನಾಲ್ಕು ಪಾಯಿಂಟ್ ಎರಡು ವೋಲ್ಟಿಗೆ. ತುಂಬಿದ ಮೇಲೆ ಹಿಡಿದಿಡುವುದು ಹದಿಮೂರೂವರೆಗೆ. ಹನ್ನೆರಡಕ್ಕೆ ಇಳಿದರೆ ಫ್ರಿಜ್ಜು ಬಂದ್. ಸೆಕೆಗೆ ತಕ್ಕಂತೆ ವೋಲ್ಟು ಏರಿಳಿಸುವ ತಿದ್ದುಪಡಿ ಸೊನ್ನೆ. ಐದನೆಯದು, ಈಕ್ವಲೈಸ್ ಬಂದ್. ನಾನೇ ಹಾಕಿಕೊಳ್ಳುತ್ತೇನೆ ಎಂದು ಜಂಬದಿಂದ ಚೀಟಿ ಕಿಸೆಗಿಟ್ಟೆ. ಆ ರಾತ್ರಿ ನವನಗರದ ಒಂದು ಲಾಡ್ಜಿನಲ್ಲಿ ಉಳಿದೆವು.

ಈಗ ನನ್ನ ತಪ್ಪು ಒಪ್ಪಿಕೊಳ್ಳಬೇಕು. ಬೆಳಿಗ್ಗೆ ಹೊರಡುವ ಮುಂಚೆ ಗಾಡಿಯಲ್ಲಿ ಕೂತು ನಾಲ್ಕು ಸಾಲು ಹಾಕಿದೆ, ಐದನೆಯದಕ್ಕೆ ಬಂದು ಕೈ ತಡೆಯಿತು. ಈಕ್ವಲೈಸ್ ಎಂದರೆ ಬ್ಯಾಟರಿ ತುಂಬಿದ ಮೇಲೂ ಒಂದೆರಡು ತಾಸು ಇನ್ನಷ್ಟು ಜೋರಾಗಿ ಒತ್ತುವುದು, ಒಳಗಿನ ಖಾನೆಗಳೆಲ್ಲ ಸಮ ಆಗಲೆಂದು. ಪೂರ್ತಿ ಇಳಿದುಹೋದ ಬ್ಯಾಟರಿಗೆ ಅದನ್ನು ಕೊಡದೆ ಬಿಡುವುದು ನಮ್ಮ ಬ್ಯಾಟರಿ ಕೋಣೆಯಲ್ಲಿ ಕಸ ಗುಡಿಸದೆ ದೀಪ ಹಚ್ಚಿದಷ್ಟು ತಪ್ಪು. ಎಷ್ಟು ಜನ ಹೊಸಬರಿಗೆ ನಾನೇ ಗದರಿ ಇದನ್ನು ಕಲಿಸಿದ್ದೆ. ಆಟೋ ರಿಪೇರಿಯವಳಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು ಎಂದುಕೊಂಡು ಈಕ್ವಲೈಸನ್ನು ಚಾಲೂ ಇಟ್ಟೆ. ನೀಲಾಳಿಗೆ ಹೇಳಲಿಲ್ಲ. ಎಲ್ಲಾ ಹಾಕಿದ್ರೇನು ಎಂದು ಅವಳು ಕೇಳಿದಾಗ, ಹೂಂ ಎಂದೆ.

ಆ ಹೂಂ ನಂಬಿ ಅವಳು ಒಂದು ಬಾಟಲಿಯನ್ನು ಮತ್ತೆ ಫ್ರಿಜ್ಜಿಗೆ ಹಾಕಿದಳು. ದಾರಿಯಲ್ಲಿ ಅಮೀನಗಡದಲ್ಲಿ ಅಕ್ಕನಿಗೆಂದು ಕರದಂಟು ಕೊಂಡಳು. ತಾನು ತಿನ್ನುವಂತಿಲ್ಲ, ಆದರೂ ಅಂಟು ಚೆನ್ನಾಗಿ ಹುರಿದಿದೆಯೇ ನೋಡಿ ಎಂದು ನನ್ನ ಬಾಯಿಗೆ ಒಂದು ಚೂರು ಹಾಕಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅದು ಗಂಟಲಲ್ಲಿ ಇಳಿಯುವಾಗ ನನಗೆ ಆ ಹೂಂ ನೆನಪಾಯಿತು. ಆಗಲೇ ಹೇಳಿಬಿಡಬಹುದಿತ್ತು.

ಬಾಗಲಕೋಟೆಯಿಂದ ಹುನಗುಂದ ಐವತ್ತು ಕಿಲೋಮೀಟರಿನ ಒಳಗೇ ಇದ್ದರೂ, ನಿಂತು ನಿಂತು ಹೊರಟ ನಾವು ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಬಸ್ ನಿಲ್ದಾಣದ ಹತ್ತಿರ ಗಾಡಿ ನಿಲ್ಲಿಸಿ ಊಟಕ್ಕೆ ಮಜ್ಜಿಗೆ ತೆಗೆಯಲು ನೀಲಾ ಫ್ರಿಜ್ಜಿಗೆ ಕೈಹಾಕಿದಳು. ದೀಪ ಇಲ್ಲ. ಪರದೆಯ ಮೇಲೆ ಏನೋ ತಪ್ಪಿನ ಗುರುತು ಮಿಣುಕುತ್ತಿತ್ತು. ಬ್ಯಾಟರಿ ತುಂಬಿಯೇ ಇತ್ತು. ತುಂಬಿದ ಮೇಲೂ ಕಂಟ್ರೋಲರ್ ಜೋರಾಗಿ ಒತ್ತಿದಾಗ ಒಳಗಿನ ಕಾವಲುಗಾರ ಈ ಸಲ ಬೇರೆ ಕಾರಣಕ್ಕೆ ಬಾಗಿಲು ಹಾಕಿದ್ದ. ಕಂಟ್ರೋಲರ್ ಗಾಬರಿಯಾಗಿ ಫ್ರಿಜ್ಜನ್ನು ಕಡಿದುಹಾಕಿತ್ತು.

ನಾನು ಎಲ್ಲವನ್ನೂ ಹೇಳಿದೆ. ಐದನೆಯ ಸಾಲು ಬೇಕೆಂದೇ ಬಿಟ್ಟದ್ದು, ಹೂಂ ಎಂದದ್ದು. ನೀಲಾ ಬಾಟಲಿ ತೆಗೆದು ಕೈಯಲ್ಲಿ ಹಿಡಿದು ನೋಡಿದಳು. ಕೆಡುವಷ್ಟು ಕಾದಿರಲಿಲ್ಲ.

"ಬ್ಯಾಟ್ರಿ ಕೆಟ್ಟದ್ದು ನನಗ ದುಃಖಿಲ್ರಿ" ಎಂದಳು. "ನಾ ಕೇಳಿದಾಗ ನೀವು ಹೂಂ ಅಂದ್ರಲ್ಲ."

ಅವಳು ಎರಡನೆಯ ಬಾಟಲಿಯನ್ನೂ ಕುಡಿಕೆಗಿಟ್ಟು ಬಟ್ಟೆ ಕಟ್ಟಿದಳು. ನಾನು ನೀರಿನ ಬಾಟಲಿ ತೆಗೆದುಕೊಂಡು ಉಸುಕಿಗೆ ಸುತ್ತಲೂ ನೀರು ಹನಿಸಿದೆ. ಅಲ್ಲಿಂದ ಮುಂದೆ ತಾಸಿಗೊಮ್ಮೆ ಉಸುಕು ನೆನೆಸುವುದು ನನ್ನ ಕೆಲಸವಾಯಿತು. ಯಾರೂ ಹೇಳಿದ್ದಲ್ಲ. ಹಿಂದಕ್ಕೆ ಹೋಗೋಣ ಎಂದು ಅವಳು ಅನ್ನಲಿಲ್ಲ, ಇಳಕಲ್ ಇನ್ನು ಹದಿಮೂರು ಹದಿನಾಲ್ಕು ಕಿಲೋಮೀಟರಷ್ಟೇ ಇತ್ತು. ಗ್ರಾನೈಟ್ ಹೇರಿದ ಲಾರಿಗಳ ಹಿಂದೆ ದೂಳು ಕುಡಿಯುತ್ತಾ ಆ ದಾರಿ ಮುಗಿಸಿದೆವು.

ಓಣಿಯ ತಿರುವಿನಲ್ಲೇ ಮಗ್ಗದ ಸಪ್ಪಳ ಕೇಳಿ ನೀಲಾ ಬೆನ್ನು ನೆಟ್ಟಗೆ ಮಾಡಿ ಕೂತಳು. ಶಾಂತಕ್ಕ ಬಾಗಿಲಲ್ಲೇ ನಿಂತಿದ್ದರು. ಅಕ್ಕತಂಗಿಯರು ತಬ್ಬಿಕೊಂಡು ಎಷ್ಟು ಹೊತ್ತಾದರೂ ಬಿಡದಿದ್ದಾಗ ಸೊಸೆ ಬಂದು, ಒಳಗೆ ಬಂದು ಅಳಿ, ಬಿಸಿಲಿದೆ ಎಂದಳು. ಮಗ್ಗದ ಮೇಲೆ ಒಡಲಿನ ಹತ್ತಿ ಹಾಸು, ಅಂದರೆ ಉದ್ದುದ್ದದ ಎಳೆಗಳು, ಆಗಲೇ ಏರಿತ್ತು. ಪಕ್ಕದಲ್ಲಿ ಸೆರಗಿನ ಕೆಂಪು ರೇಷ್ಮೆ. ಚಹಾ ಕುಡಿಯುತ್ತಾ ದಾರಿಯ ಕಥೆ ಹೊರಬಂತು. ನೀಲಾ ನನ್ನ ಹೂಂ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದಳು. ಆ ಹೂಂ ನಾನೇ ಹೇಳಿಕೊಂಡೆ.

ಶಾಂತಕ್ಕ ನಗಲಿಲ್ಲ, ಬೈಯಲಿಲ್ಲ. ನನ್ನ ಕೈ ಹಿಡಿದು ಹತ್ತಿಯ ಎಳೆಗಳ ಮೇಲೆ ಇರಿಸಿದರು. ಗಂಜಿ ಕುಡಿದು ಬಿರುಸಾಗಿದ್ದವು. ಆಮೇಲೆ ರೇಷ್ಮೆಯ ಮೇಲೆ. ಬೆರಳಿಗೆ ಸಿಕ್ಕಿತೋ ಇಲ್ಲವೋ ಎಂಬಷ್ಟು ನಯ.

"ಹತ್ತಿಗಿ ಗಂಜಿ ಹಚ್ಚಲಿಲ್ಲಂದ್ರ ಎಳಿ ಹರೀತಾವ" ಎಂದರು. "ಐವತ್ತು ವರ್ಷ ಹಚ್ಚೇನಿ ನಾ. ಹಂಗಂತ ಅದ ಗಂಜಿ ರೇಷ್ಮಿಗೂ ಹಚ್ಚಿದ್ರ ರೇಷ್ಮಿ ಉಳೀತೈತೇನ್ರಿ? ಕಲತದ್ದು ಸುಳ್ಳಲ್ಲ. ಕೈಯಾಗ ಯಾವ ಎಳಿ ಐತಿ, ಅದನ್ನ ಮದಲ ನೋಡಬೇಕು."

ನಾನು ಚಹಾದ ಲೋಟ ಕೆಳಗಿಟ್ಟು ಗಾಡಿಗೆ ಹೋದೆ. ಕಿಸೆಯ ಚೀಟಿ ಬೆವರಿಗೆ ಒದ್ದೆಯಾಗಿತ್ತು. ಕನ್ನಡಕ ಹುಡುಕುತ್ತಿರುವಾಗ ಹಿಂದೆಯೇ ಬಂದ ನೀಲಾ ಚೀಟಿ ಇಸಿದುಕೊಂಡು ಸೀಟಿನ ಮೇಲೆ ಕೂತಳು. ನೀವು ಒತ್ತಿ, ನಾನು ಓದುತ್ತೇನೆ ಎಂದಳು. ಒಂದೊಂದೇ ಸಾಲು ಓದಿದಳು, ಒಂದೊಂದೇ ಸಾಲನ್ನು ನಾನು ಪರದೆಯ ಮೇಲೆ ತೋರಿಸಿದೆ. ಅವಳು ಬಗ್ಗಿ ತಾಳೆ ನೋಡಿ ತಲೆಯಾಡಿಸಿದ ಮೇಲೆಯೇ ಮುಂದಿನದು. ಐದನೆಯ ಸಾಲಿಗೆ ಬಂದಾಗ ನಾನು ಗುಂಡಿಯಿಂದ ಕೈ ತೆಗೆದು ಅವಳ ಬೆರಳಿಗೆ ದಾರಿ ಬಿಟ್ಟೆ. ಈಕ್ವಲೈಸನ್ನು ಅವಳೇ ಬಂದ್ ಮಾಡಿದಳು. ಸ್ವಲ್ಪ ಹೊತ್ತಿಗೆ ತಪ್ಪಿನ ಗುರುತು ಹೋಗಿ ಫ್ರಿಜ್ಜು ಮತ್ತೆ ಗುರ್ ಎಂದಿತು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ನನ್ನ ಕೆಲಸದ ಒಂದು ಗುಂಡಿಯನ್ನೂ ಅವಳು ಮುಟ್ಟುವಂತೆ ನಾನು ಬಿಟ್ಟಿರಲಿಲ್ಲ ಎಂಬುದು ಆಗ ಹೊಳೆದು ನಾಚಿಕೆಯಾಯಿತು.

ಮರುದಿನ ಬೆಳಗಿನಿಂದ ಕೊಂಡಿಯ ಕೆಲಸ. ನೀಲಾ ಎಳೆ ಎತ್ತಿಕೊಡುತ್ತಿದ್ದಳು, ಶಾಂತಕ್ಕ ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದ ಹುಡುಕಿ ಕೊಂಡಿ ಹಾಕುತ್ತಿದ್ದರು. ಸಾವಿರಾರು ಎಳೆ. ನಡುವೆ ಪುಂಡಿ ಪಲ್ಯ, ಎಣ್ಣೆಗಾಯಿ, ಬಿಸಿ ರೊಟ್ಟಿ. ಓಣಿಯ ಹೆಂಗಸರು ಬಂದು ಕೂತು ಹಳೆಯ ಮಾತು ತೆಗೆದರು. ಆರು ವರ್ಷದ ಹಿಂದಿನ ಮದುವೆಯ ಸುದ್ದಿಯೂ ಬಂತು. ಆವತ್ತು ನೀನು ದವಾಖಾನೆಯಲ್ಲಿದ್ದೆ ಎಂದು ಊಟಕ್ಕೆ ಕೂರದೆ ಮದುಮಗಳು ಅತ್ತಿದ್ದಳು ಎಂದು ಯಾರೋ ಹೇಳಿದರು. ನೀಲಾಳಿಗೆ ಅದು ಗೊತ್ತಿರಲಿಲ್ಲ. ತಾನು ಅಲ್ಲಿ ಭಾರವಾಗಿದ್ದೆ ಎಂದಷ್ಟೇ ತಿಳಿದಿದ್ದವಳು, ಎತ್ತಿದ ಎಳೆಯನ್ನು ಅಕ್ಕನ ಬೆರಳಿಗೆ ಕೊಡುವುದನ್ನೇ ಮರೆತಳು.

ನಾನು ದಿನಕ್ಕೆ ಹತ್ತು ಸಲ ಗಾಡಿಗೆ ಹೋಗಿ ಬರುತ್ತಿದ್ದೆ. ಉರಿಬಿಸಿಲಿನಲ್ಲೇ ನಿಲ್ಲಿಸಿದ್ದೆ. ನಡುಮಧ್ಯಾಹ್ನ ಹದಿನಾಲ್ಕು ಪಾಯಿಂಟ್ ಎರಡಕ್ಕೆ ಏರಿ, ಹದಿಮೂರೂವರೆಗೆ ಇಳಿದು ಸುಮ್ಮನಾಗುತ್ತಿತ್ತು. ಫ್ರಿಜ್ಜಿನಲ್ಲಿ ಆಗ ಇದ್ದದ್ದು ಪರೀಕ್ಷೆಗೆಂದು ಇಟ್ಟ ಒಂದು ಲೋಟ ನೀರು ಮಾತ್ರ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದನ್ನು ತಂದು ನೀಲಾಳ ಮುಂದಿಡುತ್ತಿದ್ದೆ. ಅವಳು ಬೆರಳದ್ದಿ ನೋಡಿ, ಹೂಂ ಎನ್ನದೆ, ಮತ್ತೆ ಎಳೆಗೆ ಕೈಹಾಕುತ್ತಿದ್ದಳು. ಬಾಟಲಿಗಳು ಮನೆಯೊಳಗಿನ ನೆರಳಿಗೆ ಇಳಿಸಿಟ್ಟ ಕುಡಿಕೆಯಲ್ಲೇ ಇದ್ದವು. ನಾನು ಉಸುಕು ನೆನೆಸುತ್ತಲೇ ಇದ್ದೆ. ಹೀಗೆ ನಾಲ್ಕು ದಿನ. ಕೊಂಡಿ ಮುಗಿಸಿ ನೇಯ್ದ ಸೀರೆ ಐದನೆಯ ದಿನ ಮಗ್ಗದಿಂದ ಇಳಿಯಿತು. ಶಾಂತಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೊಂಡಿಯ ಸಾಲಿನ ಮೇಲೆ ಬೆರಳಾಡಿಸಿ, ಒಂದೂ ತಪ್ಪಿಲ್ಲ ಎಂದರು.

ಮರುದಿನ ಬೆಳಿಗ್ಗೆ ಹೊರಟೆವು. ಬಾಗಲಕೋಟೆಯ ದಾರಿ ಬೇಡ, ಐಹೊಳೆಯ ಮೇಲಿಂದ ಪಟ್ಟದಕಲ್ಲಿಗೆ ಹೋಗೋಣ ಎಂದು ನೀಲಾ ಹೇಳಿದಾಗ ನಾನು ಮರುಮಾತಾಡದೆ ಅಮೀನಗಡದಲ್ಲಿ ಗಾಡಿ ತಿರುಗಿಸಿದೆ. ಅವಳು ಹಾಡು ಗುನುಗುತ್ತಿದ್ದಳು. ಪಟ್ಟದಕಲ್ಲು ಮುಟ್ಟುವಾಗ ಹನ್ನೊಂದು ಗಂಟೆ. ಅಭ್ಯಾಸಬಲದಿಂದ ನಾನು ಒಂದು ಬೇವಿನಮರದ ಕಡೆ ಗಾಡಿ ಹೊರಳಿಸಿದೆ.

"ನೆರಳು ನಮಗ ಸಾಕ್ರಿ, ಗಾಡಿ ಬಿಸಲಾಗ ನಿಂದರಸ್ರಿ" ಎಂದಳು.

ಬಯಲಿನಲ್ಲಿ ನಿಲ್ಲಿಸಿದೆ. ಅವಳು ಇಳಿದು ಸೆರಗು ತಲೆಗೆ ಹೊದ್ದು ಗುಡಿಗಳ ಕಡೆ ನಡೆದಳು. ಮಾತುಕತೆಯಲ್ಲಿ ತಾಸು ಮೀರಿತ್ತೆಂದು ನೆನಪಾಗಿ, ನೀರಿನ ಬಾಟಲಿ ಹಿಡಿದು ಉಸುಕು ನೆನೆಸಲು ನಾನು ಹಿಂದಿನ ಮೂಲೆಗೆ ಹೋದೆ. ಅಲ್ಲಿ ಗಡಿಗೆ ಇರಲಿಲ್ಲ. ಅದು ಕೂತಿದ್ದ ಕಡೆ ಒಣಗಿದ ಉಸುಕಿನ ಒಂದು ಬಳೆಯಂಥ ಗುರುತು ಮಾತ್ರ ಉಳಿದಿತ್ತು. ಓಡಿಹೋಗಿ ಅವಳನ್ನು ನಿಲ್ಲಿಸಿ, ಕುಡಿಕೆ ಎಲ್ಲಿ, ಔಷಧ ಎಲ್ಲಿ ಎಂದು ಕೇಳಿದೆ.

"ಕುಡಿಕಿ ಅಕ್ಕನ ಕಡೆ ಬಿಟ್ಟು ಬಂದೇನ್ರಿ, ಮಜ್ಜಿಗಿ ಇಟ್ಟುಕೊಳ್ಳಾಕ" ಎಂದಳು. "ಔಷಧ ಎರಡೂ ಫ್ರಿಜ್ಜಿನ್ಯಾಗ ಅದಾವ. ಮುಂಜಾನಿನ ಇಟ್ಟೇನಿ."

ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಇಸಿದುಕೊಂಡು ಎರಡು ಗುಟುಕು ಕುಡಿದು, ನನಗೂ ಕೊಟ್ಟು, ಮಲಪ್ರಭೆಯ ಕಡೆ ಮುಂದೆ ನಡೆದಳು. ನಾನು ಒಮ್ಮೆ ಹಿಂತಿರುಗಿ ನೋಡಿದೆ. ನಮ್ಮ ಸಾಲಿಗಾಡಿ ಬಯಲಿನಲ್ಲಿ ಒಂದೇ ನಿಂತು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಪರದೆ ನೋಡಿ ಬರಬೇಕೆಂದು ಒಂದು ಹೆಜ್ಜೆ ಇಟ್ಟವನು, ಹೋಗದೆ ಅವಳ ಹಿಂದೆ ನಡೆದೆ.